ಅಕ್ಕ ನಿಂತುಬಿಡುತ್ತಿದ್ದಳು

ಮಕ್ಕಳೇ, ನಾನು ನಿಮಗಿಂತಲೂ ಚಿಕ್ಕವನಿದ್ದಾಗ, ಭಾನುವಳ್ಳಿಯ ನಮ್ಮ ಮನೆಯಲ್ಲಿ ದಿನ ಬೆಳಗಾದರೆ ಒಂದೇ ಕೂಗು: "ಏ ಹುಡುಗಿ, ಎಲ್ಲಿ ನೋಡ್ತಾ ಕುಂತೀಯೇ?" ಹೀಗೆ ಬೈಸಿಕೊಳ್ಳುತ್ತಿದ್ದವಳು ನನ್ನ ಅಕ್ಕ.

ಅಕ್ಕ ಮಾತಿನ ಮಲ್ಲಿ. ಆದರೆ ಪಟಪಟ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದಳು. ಬೀಳುತ್ತಿರಲಿಲ್ಲ, ನಡುಗುತ್ತಿರಲಿಲ್ಲ. ಕಣ್ಣು ತೆರೆದೇ ಇರುತ್ತಿದ್ದವು, ರೆಪ್ಪೆಗಳು ಮಾತ್ರ ಸಣ್ಣಗೆ ಅದುರುತ್ತಿದ್ದವು. ಬಾಯಿಗೆ ಒಯ್ಯುತ್ತಿದ್ದ ರೊಟ್ಟಿ ಅರ್ಧ ದಾರಿಯಲ್ಲೇ ಉಳಿಯುತ್ತಿತ್ತು. ನಾವು ಎರಡು ಗುಟುಕು ನೀರು ಕುಡಿಯುವಷ್ಟರಲ್ಲಿ ಮೊದಲಿನಂತಾಗಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು. ನಡುವೆ ಏನೋ ಆಯಿತು ಎನ್ನುವುದೇ ಅವಳಿಗೆ ಗೊತ್ತಿರುತ್ತಿರಲಿಲ್ಲ.

ಇದಕ್ಕೆ ಒಬ್ಬೊಬ್ಬರದು ಒಂದೊಂದು ತೀರ್ಪು. ಮೇಷ್ಟ್ರು "ಪಾಠದ ಮೇಲೆ ಲಕ್ಷ್ಯ ಇಲ್ಲ" ಎಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಪ್ಪ "ಸೊಕ್ಕು" ಅನ್ನುತ್ತಿದ್ದ. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಕಾಲುವೆ ದಂಡೆಯಲ್ಲಿ ಏನನ್ನೋ ಕಂಡು ಬೆದರಿದ್ದಾಳೆ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಆ ಘಾಟಿಗೆ ಇಡೀ ಮನೆ ಕೆಮ್ಮುತ್ತಿತ್ತು, ದನ ಕೂಡ ಸೀನುತ್ತಿದ್ದವು. ಅಕ್ಕ ಮಾತ್ರ ಮಾರನೆಯ ದಿನ ಮತ್ತೆ ಹಾಗೇ ನಿಂತುಬಿಡುತ್ತಿದ್ದಳು. ಕೊನೆಗೆ ಅಪ್ಪ ಬೇಸತ್ತು, "ಪುಸ್ತಕ ಹಿಡಿದ್ರೂ ಗೋಡೆ ನೋಡ್ತಾಳೆ. ಬ್ಯಾಸಿಗಿ ಕಳದ ಮ್ಯಾಲೆ ಸಾಲಿ ಬ್ಯಾಡ" ಎಂದುಬಿಟ್ಟ. ಅವತ್ತು ಅಕ್ಕ ಬರೆಯುವ ಪಾಟಿಯನ್ನು ತಬ್ಬಿಕೊಂಡೇ ಮಲಗಿದ್ದಳು.

ಅದಾದ ಮೇಲೆ ಒಂದು ಬೆಳಿಗ್ಗೆ. ಗದ್ದೆಗೆ ನೀರು ಬಿಡಲು ಹೊರಟಿದ್ದ ಅಪ್ಪನಿಗೆಂದು ಅಕ್ಕ ಒಲೆಕಟ್ಟೆಯ ಮುಂದೆ ನಿಂತು ಲೋಟಕ್ಕೆ ಚಾ ಸುರಿಯುತ್ತಿದ್ದಳು. ಲೋಟ ತುಂಬಿತು. ಅವಳ ಕೈ ಬಾಗಿದ್ದು ಬಾಗಿದಂತೆಯೇ ಇತ್ತು. ಹೊಗೆಯಾಡುವ ಚಾ ಕಟ್ಟೆಯಿಂದ ಇಳಿದು ಅವಳ ಪಾದದ ಮೇಲೆ ಸುರಿಯಿತು. ಆಗಲೂ ಅವಳು ಕದಲಲಿಲ್ಲ. ಪಾತ್ರೆ ಖಾಲಿಯಾದ ಮೇಲೆ ಕಿಟಾರನೆ ಕಿರುಚಿದಳು.

"ಕಣ್ಣು ಎಲ್ಲಿಟ್ಟಿದ್ದಿ?" ಎಂದು ಅಪ್ಪ ಗುಡುಗಿದ. ಅತ್ತೆ ಓಡಿಹೋಗಿ ಹಲ್ಲುಪುಡಿ ತಂದು ಮೆತ್ತಿದಳು. ಪಕ್ಕದ ಮನೆಯವರು ಬಂದು ಅದರ ಮೇಲೆ ಶಾಯಿ ಸುರಿದರು. ಪಕ್ಕದಲ್ಲೇ ಹಂಡೆ ತುಂಬಾ ತಣ್ಣೀರಿತ್ತು, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಪಾದ ಬೊಬ್ಬೆ ಎದ್ದಿತು. ಎಂದೂ ದನಿ ಎತ್ತದ ಅವ್ವ, "ನಿಮ್ ವೈದ್ಯ ಸಾಕು. ದಾವಣಗೆರೆಗೆ ನಡೀರಿ" ಎಂದಳು.

ಅಪ್ಪ, ಅವ್ವ, ಬ್ಯಾಡವೆಂದರೂ ಹೊರಟ ಅತ್ತೆ, ಅವ್ವನ ಸೆರಗು ಬಿಡದ ನಾನು, ಎಲ್ಲರೂ ಹರಿಹರದ ಬಸ್ಸು ಹತ್ತಿದೆವು. ಬಸ್ಸಿನಲ್ಲೂ ನೆಮ್ಮದಿಯಿಲ್ಲ. ಅಕ್ಕನ ನೀಲಿ ಪಾದ ನೋಡಿದವರೆಲ್ಲ ಒಂದೊಂದು ಮದ್ದು ಹೇಳುವವರೇ. ಹರಿಹರದಲ್ಲಿ ಇಳಿದು ದಾವಣಗೆರೆಯ ಬಸ್ಸು ಹಿಡಿದರೆ ಅಲ್ಲಿಯೂ ಅದೇ ರಾಮಾಯಣ. ಅಕ್ಕ ಕಿಟಕಿಗೆ ಹಣೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಅವಳನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ. ನನಗೆ ಆ ದೊಡ್ಡವರ ಬಾಯಿಗೆಲ್ಲ ಬಟ್ಟೆ ತುರುಕಬೇಕು ಅನ್ನಿಸುತ್ತಿತ್ತು.

ದಾವಣಗೆರೆಯ ಆಸ್ಪತ್ರೆಯಲ್ಲಿ, ಡೆಟಾಲು ವಾಸನೆಯ ಚಿಕ್ಕ ಕೋಣೆಯಲ್ಲಿದ್ದದ್ದು ಮಕ್ಕಳ ಡಾಕ್ಟರಮ್ಮ. ಹಲ್ಲುಪುಡಿ ತೊಳೆಯುತ್ತಾ, "ನಿಮ್ಮನೇಲಿ ನೀರಿರ್ಲಿಲ್ಲೇನ್ರಿ?" ಎಂದು ಕೇಳಿದರು. ಅತ್ತೆ ಸೂರು ನೋಡಿದಳು. "ಹೆಂಗಾತಿದು?" ಎಂದಾಗ ಅಪ್ಪ, ಅತ್ತೆ ಇಬ್ಬರೂ ಒಟ್ಟಿಗೇ ಶುರುಮಾಡಿದರು. ಡಾಕ್ಟರಮ್ಮ ಕೈ ಅಡ್ಡ ಹಿಡಿದು, "ನಿಮ್ಮನ್ನ ಕೇಳಿಲ್ರಿ. ಸುಟ್ಟಿದ್ದು ಯಾರ ಕಾಲು?" ಎಂದರು.

ಅಕ್ಕ ಮೂಗು ಒರೆಸಿಕೊಂಡಳು. "ಚಾ ಸುರೀತಿದ್ದೆ ರೀ. ಆಮೇಲೆ ಕಾಲು ಉರೀತು. ನಡುವೆ ಏನೂ ಇಲ್ರಿ."

ಡಾಕ್ಟರಮ್ಮನ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. "ಮುಂಚೆನೂ ಹಿಂಗಾಗಿತ್ತಾ?" ಎಂದು ಅವರು ಕೇಳಿದ್ದಕ್ಕೆ ನಾನು ತಡೆಯಲಾರದೆ, "ದಿನಾ ನಿಂತುಬಿಡ್ತಾಳ್ರಿ. ರೆಪ್ಪೆ ಹಿಂಗಿಂಗೆ ಅಂತಾವು" ಎಂದು ಮಾಡಿ ತೋರಿಸಿದೆ. ಅಪ್ಪ ಗದರಿದ. ಡಾಕ್ಟರಮ್ಮ ಮೇಜಿನ ಮೇಲಿದ್ದ ಕಾಗದದ ಗಿರಗಿಟ್ಲೆಯನ್ನು ಅಕ್ಕನ ಕೈಗೆ ಕೊಟ್ಟು, "ಜೋರಾಗಿ ಊದವ್ವ, ನಾನು ಸಾಕು ಅನ್ನೋತಂಕ ಬಿಡಬ್ಯಾಡ" ಎಂದರು.

ಅಕ್ಕ ಊದಿದಳು. ಕೆಂಪು ಕಾಗದ ಗಿರ್ರನೆ ತಿರುಗಿತು. ಕಾಲಿನ ಉರಿಯಲ್ಲೂ ಅವಳಿಗೆ ನಗು ಬಂತು. ಊದಿದಳು, ಇನ್ನೂ ಊದಿದಳು. ಆಮೇಲೆ ಗಿರಗಿಟ್ಲೆ ಮೆಲ್ಲಗಾಯಿತು, ನಿಂತೇಹೋಯಿತು. ಅಕ್ಕನ ಕಣ್ಣು ಎಲ್ಲೋ ನೆಟ್ಟಿದ್ದವು, ರೆಪ್ಪೆ ಅದುರುತ್ತಿದ್ದವು. ಡಾಕ್ಟರಮ್ಮ ಅವಳ ಕಿವಿಯ ಹತ್ತಿರ ಬಗ್ಗಿ ಸ್ಪಷ್ಟವಾಗಿ "ಮಾವಿನಹಣ್ಣು" ಎಂದರು. ಸ್ವಲ್ಪ ಹೊತ್ತಿಗೆ ಅಕ್ಕ ಏನೂ ಆಗದವಳಂತೆ ಮತ್ತೆ ಊದತೊಡಗಿದಳು.

"ಸಾಕವ್ವ. ಈಗ ನಾನೊಂದು ಮಾತು ಹೇಳಿದೆ. ಏನದು?"

"ನೀವೇನೂ ಹೇಳ್ಲೇ ಇಲ್ವಲ್ರಿ!"

ಅಪ್ಪ ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕುಳಿತ.

"ಸೊಕ್ಕಲ್ಲ, ಬೆದರಿದ್ದೂ ಅಲ್ಲ" ಎಂದರು ಡಾಕ್ಟರಮ್ಮ. "ಮೂರ್ಛೆರೋಗದಾಗೇ ಇದೊಂದು ಬಗೆ. ಜೋರಾಗಿ ಉಸಿರು ಊದಿದ್ರೆ ಬರ್ತೈತೆ, ಅದಕ್ಕೇ ಊದಿಸಿದೆ. ಮೆದುಳಿನ ನರಗಳು ಒಂದಾದ ಮೇಲೊಂದು ಮಾತಾಡಬೇಕು. ಆ ಗಳಿಗೇಲಿ ಎಲ್ಲಾ ಒಟ್ಟಿಗೇ ಕೂಗಿಬಿಡ್ತಾವೆ. ಹುಡುಗಿಗೆ ಹೊರಗಿಂದು ಏನೂ ಕಾಣಲ್ಲ, ಕೇಳಲ್ಲ. ಮಾತ್ರೆ ಕೊಡ್ತೀನಿ, ನಾನು ಹೇಳೋತಂಕ ತಪ್ಪಿಸಬ್ಯಾಡ್ರಿ. ಒಲೆ ಹತ್ರ, ಕಾಲುವೆ ಹತ್ರ ಒಬ್ಬಳನ್ನೇ ಬಿಡಬ್ಯಾಡ್ರಿ. ಸಾಲಿಗೆ ಮಾತ್ರ ಕಳಸ್ರಿ."

ಮೆಟ್ಟಿಲು ಇಳಿಯುತ್ತಾ ಅತ್ತೆ, "ಆದ್ರೂ ಮನೆಗೆ ಹೋಗಿ ಒಂದ್ಸಲ ನಿವಾಳಿಸಿದ್ರೆ ತಪ್ಪೇನೈತೆ?" ಎಂದಳು. "ನಿಮ್ಮನ್ನೇ ನಿವಾಳಿಸ್ತೀನಿ ನಡೀರಿ" ಎಂದಳು ಅವ್ವ. ಅಪ್ಪ ಅಕ್ಕನನ್ನು ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ನಡೆದ. ಮಾರನೆಯ ದಿನ ತಾನೇ ಶಾಲೆಗೆ ಹೋದ. ಮೇಷ್ಟ್ರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗಿ, "ಓದಿದೋರಿಗೂ ತಲೆಗೆ ಹೋಗಲ್ಲ" ಎಂದು ಗೊಣಗುತ್ತಾ ಬಂದ. ತನ್ನ ತಲೆಗೆ ಹೋದದ್ದು ಹಿಂದಿನ ದಿನವಷ್ಟೇ ಎಂಬುದನ್ನು ಅಷ್ಟರಲ್ಲಿ ಮರೆತಿದ್ದ!

ಅಕ್ಕ ನಿಂತುಬಿಡುವುದು ತಿಂಗಳು ತಿಂಗಳಿಗೆ ಕಡಿಮೆಯಾಯಿತು. ಕೆಲವು ವರ್ಷಗಳ ಮೇಲೆ ಡಾಕ್ಟರಮ್ಮನೇ ಮಾತ್ರೆ ನಿಲ್ಲಿಸಿದರು. ಹೈಸ್ಕೂಲು, ಕಾಲೇಜು ಎಲ್ಲವನ್ನೂ ಮುಗಿಸಿದ ಆ ಹುಡುಗಿಯೇ ನಿಟ್ಟುವಳ್ಳಿಯಲ್ಲಿರುವ ನಿಮ್ಮ ದೊಡ್ಡಜ್ಜಿ, ಚೌಕಾಬಾರದಲ್ಲಿ ನಿಮ್ಮನ್ನೆಲ್ಲ ಸೋಲಿಸುವವಳು.

ಮಕ್ಕಳೇ, ಆಗ ನಮ್ಮೂರಿನಲ್ಲಿ ತಿಳಿಸಿ ಹೇಳುವವರಿರಲಿಲ್ಲ, ಡಾಕ್ಟರನ್ನು ಕಾಣಲು ಎರಡು ಬಸ್ಸು ಹತ್ತಬೇಕಿತ್ತು. ಈಗ ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಿಂದ ಯಾವ ಕಡೆ ನಡೆದರೂ ಆಸ್ಪತ್ರೆ, ತಲೆಯೊಳಗೆ ಇಣುಕಿ ನೋಡುವ ಮೆಷಿನ್ನು. ಎಲ್ಲರ ಕೈಯಲ್ಲೂ ಫೋನು. ಅಷ್ಟಿದ್ದೂ ಮೊನ್ನೆ ಊಟಕ್ಕೆ ಕೂತಾಗ ನೀವೇನು ಹೇಳಿ ನಕ್ಕಿರಿ? ನಿಮ್ಮ ತರಗತಿಯ ಒಬ್ಬ ಹುಡುಗ ಓದುತ್ತಾ ಓದುತ್ತಾ ನಿಂತುಬಿಡುತ್ತಾನಂತೆ, ಅವನಿಗೆ ನೀವೆಲ್ಲ 'ಹ್ಯಾಂಗ್' ಎಂದು ಹೆಸರಿಟ್ಟಿದ್ದೀರಂತೆ. ಫೋನು ಹ್ಯಾಂಗ್ ಆದರೆ ಅವತ್ತೇ ಸಂಜೆ ರಿಪೇರಿ ಅಂಗಡಿಗೆ ಓಡುತ್ತೀರಿ. ಹುಡುಗನಿಗೆ ಹೆಸರಿಟ್ಟು ಸುಮ್ಮನಾದಿರಾ? ಏಳಿ, ಅವನ ಅಮ್ಮನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಡಿ.