ಸಾಯಬಮ್ಮನ ಸೌಟು

ಕಕ್ಕೇರಾ ಹತ್ತಿರದ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ಸಾಯಬಮ್ಮ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ಯಾವ ಕೂಸಾದರೂ ಅರ್ಧ ಹೊಟ್ಟೆಯಲ್ಲಿ ಎದ್ದರೆ ಅವಳಿಗೆ ಸಂಕಟ.

ಊಟದ ಸಾಲಿನಲ್ಲಿ ಹುಡುಗರ ತಳ್ಳಾಟ ತಡೆಯಲು ಅವಳೇ ಒಂದು ಆಟ ಹೂಡಿದಳು. ಸಾರಿನ ಸೌಟನ್ನು ತಟ್ಟೆಯ ಮೇಲೆ ಎತ್ತಿ ಹಿಡಿದು, "ಏಳಕ್ಕ ಎಷ್ಟ್ ಕೂಡಿದ್ರ ಹತ್ತು?" ಎನ್ನುವುದು. "ಮೂರು!" ಎಂದರೆ ಸಾರು ಬಿತ್ತು. ತಿಂಗಳೊಪ್ಪತ್ತಿನಲ್ಲಿ ಎರಡನೇ ತರಗತಿಯ ಚಿಳ್ಳೆಪಿಳ್ಳೆಗಳು ಬೆರಳು ಮಡಚುವುದನ್ನೇ ಬಿಟ್ಟವು. ಬಸವಕುಮಾರ ಮಾಸ್ತರರು ಅಡುಗೆಮನೆಯ ಬಾಗಿಲಿಗೇ ಬಂದರು. "ನನ್ನ ಅರ್ಧ ಕೆಲಸ ನಿಮ್ಮ ಸೌಟೇ ಮಾಡಾಕತ್ತದ ನೋಡ್ರಿ!" ಸಾಯಬಮ್ಮ ಪೂರಿಯಂತೆ ಉಬ್ಬಿದಳು. ಹೊಗಳಿದರೆ ಯಾರು ಉಬ್ಬುವುದಿಲ್ಲ ಹೇಳಿ.

ಒಂದು ಮಧ್ಯಾಹ್ನ ಬುಟ್ಟಿಯಲ್ಲಿ ಒಂದು ಮೊಟ್ಟೆ ಉಳಿಯಿತು. ಮರುದಿನವೂ ಉಳಿಯಿತು. ಹಾಜರಿದ್ದ ಮಕ್ಕಳ ಎಣಿಕೆಗೆ ಸರಿಯಾಗಿ ಬೇಯಿಸುವವಳು ಅವಳು, ಅನುಮಾನ ಬಂತು. ಉಳಿದ ಮೊಟ್ಟೆ ಹಿಡಿದೇ ಹುಡುಕಿಕೊಂಡು ಹೋದರೆ, ನಳದ ಹಿಂದೆ ಗುರಪ್ಪನ ಮಗಳು ರಾಧಿಕಾ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದಳು. ಗುರಪ್ಪ ಹೊಳೆಗೆ ಬಲೆ ಹಾಕುವವನು, ನಸುಕಿನಲ್ಲೇ ಹೆಂಡತಿಯ ಜೊತೆ ಮನೆ ಬಿಡುತ್ತಾನೆ. ಹುಡುಗಿಗೆ ಹೊಟ್ಟೆ ತುಂಬುವುದು ಶಾಲೆಯಲ್ಲೇ.

"ಉಣ್ಣಾಕ ಯಾಕ್ ಬರ್ಲಿಲ್ಲ ಯವ್ವ?"

"ಹಸಿವಿಲ್ಲ, ಆಯಿ."

"ಸುಳ್ಳ್ ಹೇಳಬ್ಯಾಡ."

ಹುಡುಗಿ ತಲೆ ತಗ್ಗಿಸಿದಳು. "ನಂಗ ಲಗೂನ ಹೇಳಾಕ ಬರಂಗಿಲ್ಲ. ಸೌಟು ನಿಂತೇ ಇರ್ತದ. ಹಿಂದಿನವ್ರು ನಗ್ತಾರ."

ಮಕ್ಕಳಿಗೆ ಉಣ್ಣಿಸಿ ಹೆಸರಾದ ಕೈಯೇ ಒಂದು ಕೂಸಿನ ತುತ್ತಿಗೆ ಅಡ್ಡ ನಿಂತಿತ್ತಲ್ಲ! ಸಾಯಬಮ್ಮನಿಗೆ ನಾಚಿಕೆಯಾಯಿತು, ಅಳುವೂ ಬಂತು. ಅಲ್ಲೇ ಕೂತು ಮೊಟ್ಟೆ ಸುಲಿದು ಕೊಟ್ಟಳು. ಯಾವ ಲೆಕ್ಕವನ್ನೂ ಕೇಳಲಿಲ್ಲ.

ಮರುದಿನ ಸೌಟು ಯಾರ ತಟ್ಟೆಯ ಮೇಲೂ ನಿಲ್ಲಲಿಲ್ಲ.

"ಯಾಕ್ರಿ, ಲೆಕ್ಕ ಬಂದ್ ಆದ್ವು?" ಎಂದರು ಮಾಸ್ತರರು.

"ಮೊದಲ ಉಣ್ಲಿ ಬಿಡ್ರಿ ಸರ. ಲೆಕ್ಕ ಎಲ್ಲಿ ಓಡಿ ಹೋಗ್ತಾವ?"

ಮಕ್ಕಳೆಲ್ಲ ಉಣ್ಣಲು ಕೂತ ಮೇಲೆ ಅವಳು ಹೊಸ್ತಿಲ ಮೇಲೆ ಕುಳಿತು ತನ್ನಷ್ಟಕ್ಕೇ ಎಂಬಂತೆ ಜೋರಾಗಿ ಶುರು ಮಾಡಿದಳು. "ಐದಕ್ಕ ಐದು ಹತ್ತು. ಆರಕ್ಕ ನಾಕು ಹತ್ತು. ಎಂಟಕ್ಕ ಮೂರು ಹತ್ತು." ಬೇಕಂತಲೇ ತಪ್ಪಿದ್ದಳು.

ಕೊನೆಯ ಸಾಲಿನಲ್ಲಿ ರಾಧಿಕಾ ತಲೆ ಎತ್ತಿದಳು. ಬಾಯಿ ತುಂಬ ಅನ್ನ. "ತಪ್ಪದ ಆಯಿ! ಎಂಟಕ್ಕ ಎರಡು!"

ಎಲ್ಲರೂ ನಕ್ಕರು, ಈ ಸಲ ಆಯಿಯನ್ನು ನೋಡಿ.

"ಹೌದಲ್ಲ! ನಂಗ ಲಗೂನ ಹೊಳೀಲಿಲ್ಲ ನೋಡು," ಎಂದಳು ಸಾಯಬಮ್ಮ.

ರಾಧಿಕಾ ಖಾಲಿ ತಟ್ಟೆ ಹಿಡಿದು, ಇನ್ನೊಮ್ಮೆ ಅನ್ನ ಹಾಕಿಸಿಕೊಳ್ಳಲು ತಾನಾಗಿಯೇ ಎದ್ದು ಬಂದಳು.