ಪೈಲಟ್ ಇಲ್ಲದ ವಿಮಾನ, ಜವಾಬು ಕೊಡುವ ಮನುಷ್ಯ

ಗುರಿಯನ್ನು ತಾನೇ ಆರಿಸಿ ತಾನೇ ಕ್ಷಿಪಣಿ ಬಿಡುವ, ಪೈಲಟ್ ಇಲ್ಲದ ಯುದ್ಧವಿಮಾನವೊಂದು ತಪ್ಪು ಮನೆಯನ್ನು ಉರುಳಿಸಿದರೆ, ಓದುಗ ಮಿತ್ರರೇ, ಆ ಮನೆಯವರ ಮುಂದೆ ತಲೆತಗ್ಗಿಸಿ ನಿಲ್ಲಬೇಕಾದವರು ಯಾರು?

ಇಂದು ಬೆಳಿಗ್ಗೆ ಸೇಡಂನ ನಮ್ಮ ಮಾಳಿಗೆಯ ಮೇಲೆ ಎರಡು ಜೆಟ್ ವಿಮಾನಗಳು ಬೀದರ್ ದಿಕ್ಕಿಗೆ ಹಾದುಹೋದವು. ಕಿಟಕಿಯ ಗಾಜಿನ ನಡುಕ ನಿಂತ ಮೇಲೂ ನಾನು ಆಕಾಶ ನೋಡುತ್ತಲೇ ಇದ್ದೆ. ಆ ಸದ್ದು ಕೇಳಿದಾಗಲೆಲ್ಲ ಕಾಲೇಜಿನ ದಿನಗಳ ಒಂದು ಚರ್ಚಾಸ್ಪರ್ಧೆ ನೆನಪಾಗುತ್ತದೆ; ಅದರೊಂದಿಗೆ, ವಾಡಿಯ ಹತ್ತಿರದ ಸಣ್ಣ ಕಲ್ಲುಗಣಿಯಲ್ಲಿ ಸಿಡಿಮದ್ದು ಹಚ್ಚುತ್ತಿದ್ದ ನನ್ನ ಶರಣಪ್ಪ ಕಾಕಾ.

ಸ್ಪರ್ಧೆಯ ವಿಷಯ ‘ಮುಂದಿನ ಆಕಾಶಯುದ್ಧಕ್ಕೆ ಪೈಲಟ್ ಬೇಕಿಲ್ಲ’. ನಾನು ಪರ. ಯಂತ್ರಕ್ಕೆ ನಿದ್ದೆಯಿಲ್ಲ, ಭಯವಿಲ್ಲ, ಅದರ ರಾಡಾರಿನ ಕಣ್ಣಿಗೆ ಕಾಣದ್ದಿಲ್ಲ ಎಂದು ಬಾಯಿಪಾಠ ಮಾಡುತ್ತ ಗಣಿಯ ಅಂಚಿನಲ್ಲಿ ಓಡಾಡುತ್ತಿದ್ದೆ. ವಾಗ್ಮಿಗೆ ಕೇಳುವವರು ಬೇಕಲ್ಲ, ಕಾಕಾ ಸಿಕ್ಕಿದ್ದರು.

ಆ ಗಣಿಯಲ್ಲಿ ಒಂದು ವಾಡಿಕೆ. ಕೆಲಸಗಾರರು ಬುತ್ತಿಗಂಟುಗಳನ್ನು ಅಂಚಿನ ಬೇವಿನ ಮರಕ್ಕೆ ತೂಗುಹಾಕುವರು. ಮದ್ದು ಸಿಡಿಸುವ ಹೊತ್ತಿಗೆ ಮೇಲೆ ಬಂದು ತಮ್ಮ ತಮ್ಮ ಗಂಟು ತೆಗೆದುಕೊಂಡು ದೂರ ಹೋಗುವರು. ಮರ ಬರಿದಾದರೆ ಗಣಿಯೂ ಬರಿದಾಯಿತೆಂದೇ ಅರ್ಥ. ಆದರೂ ಕಾಕಾ ಪ್ರತಿಸಲ ಕೆಳಗಿಳಿದು ನೋಡಿ ಬರುತ್ತಿದ್ದರು. ಒಂದು ದಿನ ಮೊಣಕಾಲು ನೋವೆಂದು ನನ್ನನ್ನು ಕಳಿಸಿದರು.

ನಾನು ಮರದವರೆಗೆ ಹೋಗಿ ಮರಳಿದೆ.

“ಯಾರೂ ಇಲ್ಲ ಕಾಕಾ, ಹಚ್ಚ್ರಿ.”

“ಕೆಳಗ ಇಳದು ನೋಡಿದೇನು?”

“ಗಿಡದಾಗ ಒಂದೂ ಗಂಟಿಲ್ಲ.”

ಕಾಕಾ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿ, ಕುಂಟುತ್ತ ತಾವೇ ಇಳಿದರು. ಮರಳುವಾಗ ಕಲ್ಲು ಒಡೆಯುವ ರಸೂಲ್ ಸಾಬರನ್ನು ತೋಳು ಹಿಡಿದು ಕರೆತಂದರು. ರಂಜಾನ್ ತಿಂಗಳು, ರೋಜಾದ ಉಪವಾಸವಿದ್ದ ಅವರು ಬುತ್ತಿಯನ್ನೇ ತಂದಿರಲಿಲ್ಲ. ಬಂಡೆಯ ನೆರಳಿನಲ್ಲಿ ಅವರಿಗೆ ಕಣ್ಣು ಹತ್ತಿತ್ತು.

“ಏನ್ ಶರಣಪ್ಪ, ಈದ್ ಮಾಡ್ಲಿಕ್ಕೂ ಬಿಡಂಗಿಲ್ಲೇನು? ಮೊದಲೇ ಮ್ಯಾಲ ಕಳಸ್ಲಿಕತ್ತಿದ್ದೆಲ್ಲೊ!” ಎಂದು ರಸೂಲ್ ಸಾಬರು ನಕ್ಕರು.

ಕಾಕಾ ನಗಲಿಲ್ಲ. ನನ್ನತ್ತ ತಿರುಗಿ, “ಏ ಭಾಷಣಕಾರ, ನಿನ್ನ ರಾಡಾರಿಗಿ ರೋಜಾ ಕಾಣ್ತದೇನು?” ಎಂದರು. ಜೇಬಿನ ಕಡ್ಡಿಪೆಟ್ಟಿಗೆ ತೆಗೆದು ತೋರಿಸಿದರು: “ಹಚ್ಚಾಂವ ನಾ. ಇವನ ಹೆಂಡ್ತಿಗಿ ಜವಾಬು ಕೊಡಾಂವನೂ ನಾನೇ. ಗಿಡ ಬಂದು ಕೊಡ್ತದೇನು?”

ಮುಂದಿನ ವಾರ ಚಿತ್ತಾಪುರದಲ್ಲಿ ಅದೇ ಭಾಷಣ ಮಾಡಿ ಮೊದಲ ಬಹುಮಾನ ಪಡೆದೆ. ರಸೂಲ್ ಸಾಬರ ಮಾತೆತ್ತಲಿಲ್ಲ. ಎತ್ತಿದ್ದರೆ ನನ್ನ ವಾದ ನಿಲ್ಲುತ್ತಿರಲಿಲ್ಲ. ತೀರ್ಪುಗಾರರ ಚಪ್ಪಾಳೆಯಷ್ಟು ನನ್ನನ್ನು ನಾಚಿಸಿದ್ದು ಬೇರೊಂದಿಲ್ಲ.

ಇನ್ನು ಮುಂದೆ ಒಬ್ಬ ಪೈಲಟ್‌ನ ಜೊತೆ ಹಲವು ಚಾಲಕರಹಿತ ವಿಮಾನಗಳು ಹಾರುತ್ತವೆ ಎನ್ನುತ್ತಾರೆ. ಹಾರಲಿ. ನಮ್ಮ ಪೈಲಟ್‌ಗಳ ಜೀವ ಉಳಿಯುವುದಾದರೆ ಬೇಡವೆನ್ನಲು ನಾನಾರು? ಆದರೆ ಪರದೆಯ ಮೇಲಿನ ಚುಕ್ಕೆ ಸೈನಿಕನೋ, ಒಲೆಯ ಮುಂದೆ ಕುಳಿತ ತಾಯಿಯೋ ಎಂಬ ಕೊನೆಯ ತೀರ್ಮಾನ ಮನುಷ್ಯನದೇ ಆಗಿರಬೇಕು. ತಪ್ಪಿದರೆ ಬಾಳೆಲ್ಲ ಅದನ್ನು ಹೊತ್ತು ತಿರುಗುವವನು ಅವನೊಬ್ಬನೇ. ಆ ಹೊರೆಯ ಅಂಜಿಕೆಯೇ ಅವನನ್ನು ಇನ್ನೊಮ್ಮೆ ನೋಡುವಂತೆ ಮಾಡುತ್ತದೆ.

ಇಷ್ಟು ವರ್ಷ ತಡವಾಗಿ, ಇಂದು ನಮ್ಮ ಸಂಸದರಿಗೆ ಒಂದು ಪತ್ರ ಬರೆದೆ: ಕೊಲ್ಲುವ ಆಜ್ಞೆಯನ್ನು ಯಂತ್ರಕ್ಕೆ ಒಪ್ಪಿಸದಂತೆ ಕಾನೂನು ಮಾಡಿರಿ, ಆಜ್ಞೆ ಕೊಟ್ಟ ಮನುಷ್ಯನ ಹೆಸರು ದಾಖಲಾಗಲಿ ಎಂದು. ದಯವಿಟ್ಟು ನೀವೂ ನಿಮ್ಮ ಸಂಸದರಿಗೆ ಇದನ್ನೇ ಬರೆಯಿರಿ.