ನಾರಿನ ಬೆಂಕಿ ನೋಡುವ ಕೈ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೊನ್ನೆ ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೂವಿನ ಅಂಗಡಿಯಾಕೆ ಸಾಂಬ್ರಾಣಿ ಹಾಕಲು ತೆಂಗಿನ ನಾರು ಹೊತ್ತಿಸಿದಳು. ಆಗಿನ್ನೂ ಬೆಳಿಗ್ಗೆ ಒಂಬತ್ತೂ ಆಗಿರಲಿಲ್ಲ. ಆದರೆ ಆ ಹೊಗೆ ಮೂಗಿಗೆ ಬಿದ್ದದ್ದೇ ತಡ, ನನ್ನೊಳಗೆ ಗಂಟೆ ಮೂರು ಹತ್ತಾಯಿತು. ಚೀಲ ಬಿಟ್ಟು ಓಡಲು ಕಾಲೆತ್ತಿದ್ದೆ...

ಹಾಸನದಲ್ಲಿ ಓದುತ್ತಿದ್ದಾಗ ಮಹಡಿ ಮೇಲೆ ನನ್ನ ರೂಮು, ಕೆಳಮನೆಯಲ್ಲಿ ನಾನು ತಾತ ಎಂದು ಕರೆಯುತ್ತಿದ್ದ ಹಿರಿಯರು ಒಬ್ಬರೇ. ಅವರು ಮಂಡಿಯಲ್ಲಿ ಆಯಸ್ಸೆಲ್ಲ ತೆಂಗಿನಕಾಯಿ, ನಾರು ಮಾರಿದವರು. ನನಗಿಂತ ಮೊದಲು ಆ ರೂಮಿನಲ್ಲಿದ್ದವರು ಖಾಲಿ ಮಾಡುವಾಗ ತಾವು ಸಾಕಿದ್ದ ಇಗ್ವಾನಾ ಎಂಬ ಹೊರದೇಶದ ದೊಡ್ಡ ಹಲ್ಲಿಯನ್ನು ಬಿಟ್ಟುಹೋಗಿದ್ದರಂತೆ. ಮೂರಡಿ ಉದ್ದ, ಬೆನ್ನುದ್ದಕ್ಕೂ ಮುಳ್ಳಿನ ಸಾಲು. ಬೀದಿಯವರು ಉಡ ಎಂದು ಹೆದರಿದರೆ ತಾತ ರೇಗುತ್ತಿದ್ದರು: "ಉಡ ಅಲ್ಲ ಕಣ್ಲಾ, ಸೊಪ್ಪು ತಿನ್ನೋ ಜೀವ. ನಿನ್ಗಿಂತ ಸಾಧು!" ನುಗ್ಗೆ ಸೊಪ್ಪು, ದಾಸವಾಳದ ಹೂವು ಅವರ ಕೈಯಿಂದ ಕೊಟ್ಟರೆ ಮಾತ್ರ ಅದು ತಿನ್ನುತ್ತಿತ್ತು.

ಅದರ ಮೈಗೆ ತನ್ನದೇ ಬಿಸಿ ಇಲ್ಲ, ಹೊರಗಿನಿಂದ ಕೊಡಬೇಕು. ಅಡುಗೆಮನೆಯ ಹಿಂದೆ ಜಾಲರಿ ಗೂಡು ಮಾಡಿ, ಮೊಣಕೈ ಆಳದಷ್ಟು ನಾರಿನ ಪುಡಿ ಹಾಸಿ, ಮೇಲೆ ಬಲ್ಬ್ ಇಳಿಬಿಟ್ಟಿದ್ದರು. ದಿನಕ್ಕೆ ನಾಲ್ಕು ಸಲ ಆ ಪುಡಿಯೊಳಗೆ ಕೈ ತೂರಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮಂಡಿಯಲ್ಲಿ ನಾರಿನ ರಾಶಿ ಕಾಯುವವರ ಪದ್ಧತಿ ಅದು. "ನಾರಿನ್ ಬೆಂಕಿ ಕಳ್ಳ ಬೆಂಕಿ ಕಣವ್ವ. ಕಣ್ಣಿಗೆ ಕಾಣಾಕಿಲ್ಲ, ಕೈಗ್ ಕಾಣ್ತದೆ."

ಆ ದಿನ ಅವರು ಹೊಳೆನರಸೀಪುರಕ್ಕೆ ತಿಥಿಗೆ ಹೋಗಬೇಕಿತ್ತು. ಬೆಳಿಗ್ಗೆ ಕೈಯಿಟ್ಟು ನೋಡಿ ನನಗೆ ಬೀಗದ ಕೈ ಕೊಟ್ಟರು. "ಮದ್ಯಾನ ಎರಡು ಗಂಟೆಗೆ ಒಂದ್ಸಲ ಕೈಯಿಕ್ಕಿ ನೋಡ್ಬುಡು."

ಎರಡಕ್ಕೆ ಹೋದೆ. ಚಳಿಗೆ ಅದರ ಮೈ ಕಪ್ಪಿಟ್ಟಿತ್ತು. ಮೈ ಕಪ್ಪಾದರೆ ಬಿಸಿ ಸಾಲದೆಂದು ಎಲ್ಲೋ ಓದಿದ್ದು ನೆನಪಾಗಿ ಬಲ್ಬನ್ನು ಒಂದು ಗೇಣು ಕೆಳಗಿಳಿಸಿದೆ. ಕೈಯಿಡಲು ಹೋದಾಗ ಅದು ಬಾಲ ಬೀಸಿತು. ಹೆದರಿ ಹಿಂದೆ ಸರಿದೆ. ಹೊಗೆಯಿಲ್ಲ, ಕಿಡಿಯಿಲ್ಲ. ಇನ್ನೇನು ನೋಡುವುದಿದೆ ಎಂದುಕೊಂಡು ಬಾಗಿಲೆಳೆದೆ.

ಮೂರು ಹತ್ತಕ್ಕೆ ವಾಸನೆ ಮೇಲಕ್ಕೆ ಬಂತು. ಇಳಿದು ಬಾಗಿಲು ತೆಗೆದರೆ ಒಳಗೆ ಹೊಗೆಯ ಗೋಡೆ. ಗೂಡಿಗೆ ಎರಡು ಮಾರು ದೂರದಲ್ಲಿ ಗ್ಯಾಸ್ ಸಿಲಿಂಡರ್. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಬಸ್ಸಿಳಿದು ಬಂದ ತಾತ ನನ್ನನ್ನು ಪಕ್ಕಕ್ಕೆ ತಳ್ಳಿದರು. "ಇಂದಕ್ ಓಗು! ಸಿಲಿಂಡ್ರೈತೆ!" ಟವೆಲ್ಲನ್ನು ತೊಟ್ಟಿಯಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿದರು.

ಮೊದಲು ಸಿಲಿಂಡರ್ ಉರುಳಿಕೊಂಡು ಬಂತು. ತಾತ ಮತ್ತೆ ಒಳಗೆ ಹೋದರು. ಆಮೇಲೆ ಆ ಪ್ರಾಣಿಯನ್ನು ಎದೆಗವಚಿಕೊಂಡು ಹೊರಗೆ ಬಂದರು. ಬಲಗೈ ಚರ್ಮ ಸುಲಿದಿತ್ತು. ಹಿಡಿದೆಳೆದಾಗ ಕಳಚಿದ ಬಾಲ ಮೆಟ್ಟಿಲ ಮೇಲೆ ಬಿದ್ದು ಒಂದೇ ಸಮನೆ ಒದ್ದಾಡುತ್ತಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಅದೇ.

"ಕೈಯಿಟ್ಟು ನೋಡ್ದೇನವ್ವ?"

"ನೋಡಿದೆ ತಾತ. ತಣ್ಣಗಿತ್ತು."

"ಬಲ್ಬ್ ಮುಟ್ಟಿದ್ಯಾ?"

"ಇಲ್ಲ."

ಅವರು ಸುಟ್ಟ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಅಂಗಾರೆ ಬೆಂಕಿ ಬೆಳಗ್ಗೇನೇ ಒಳ್ಗೆ ಇತ್ತು. ನಿನ್ ಕೈ ಒಸ್ದು, ಗೊತ್ತಾಗ್ನಿಲ್ಲ ಬುಡು. ನನ್ ಕೈಗ್ ಏನ್ ಬಂದಿತ್ತು..."

ವಾರದೊಳಗೆ ಇಗ್ವಾನಾವನ್ನು ಮೈಸೂರಿನ ಯಾರಿಗೋ ಕೊಟ್ಟುಬಿಟ್ಟರು. ಬೇಡ ತಾತ ಎಂದೆ. "ಕೈ ಸತ್ತೋನು ಜೀವ ಸಾಕ್ಬಾರ್ದು" ಎಂದರು. ಅಲ್ಲಿ ಅದು ಮೇವು ಮುಟ್ಟದೆ ತಿಂಗಳಲ್ಲೇ ಸತ್ತಿತು. ತಾತ ಮನೆ ಖಾಲಿ ಮಾಡಿ ಮಲ್ಲಿಪಟ್ಟಣದ ತಂಗಿಯ ಮನೆಗೆ ಹೋದರು. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ರಾತ್ರಿಯಲ್ಲಿ ಎದ್ದೆದ್ದು ಹಾಸಿಗೆಯಡಿ ಕೈ ತೂರಿಸಿ ಬಿಸಿಯಿದೆಯೇ ಎಂದು ನೋಡುತ್ತಿದ್ದೆ.

ಬೆಂಕಿ ಬಿದ್ದು ಎಂಟು ತಿಂಗಳಾದ ಮೇಲೆ ಮಲ್ಲಿಪಟ್ಟಣಕ್ಕೆ ಹೋಗಿ, ಜಗಲಿಯಲ್ಲಿ ಕೂತಿದ್ದ ತಾತನ ಮುಂದೆ ಎಲ್ಲ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ತಾತ ಎದ್ದು ನಿಂತು ಒಳಗೆ ಕೂಗಿದರು: "ಲೇ ತಂಗಿ, ಬಾ ಇಲ್ಲಿ! ನನ್ ಕೈ ಸರ್ಯಾಗೈತಂತೆ ಕಣೇ!" ಕಲೆಗಟ್ಟಿದ ಆ ಕೈಯನ್ನು ಮಗುವಿನಂತೆ ಎತ್ತಿ ತೋರಿಸಿದರು. ಆಮೇಲೆ ಮೆಲ್ಲಗೆ ಕೂತರು.

"ಅಂಗಾರೆ ಅದ್ನ ಸುಮ್ ಸುಮ್ನೆ ಕಳಿಸ್ಬುಟ್ನಲ್ಲವ್ವ..."

ಊಟ ಮಾಡಿಸದೆ ಕಳಿಸಲಿಲ್ಲ, ಬಸ್ಸಿನವರೆಗೂ ಬಂದರು.

ತಾತ ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ತಂಗಿ ಒಂದು ಮಾತು ಹೇಳಿದರು. ನಾನು ನಿಜ ಹೇಳಿ ಬಂದ ಆ ಇಡೀ ರಾತ್ರಿ ತಾತ ಜಗಲಿಯ ಮೇಲೆ ಕೂತೇ ಇದ್ದರಂತೆ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು.

ಎಂಟು ತಿಂಗಳಲ್ಲಿ ಮೊದಲ ಸಲ ನಾನು ಬೆಳಗಿನವರೆಗೆ ನಿದ್ದೆ ಮಾಡಿದ್ದು ಅದೇ ರಾತ್ರಿ.